ಕಿವಿಗೆ ನೇರವಾಗಿ ತಲುಪುವ ಮಾತು

ಶ್ರವಣಸಾಧನ ಹಾಕಿಕೊಂಡವರಿಗೆ ಸಭಾಂಗಣದಲ್ಲಿ ಸದ್ದಿಗೆ ಬರವಿಲ್ಲ, ಮಾತು ಮಾತ್ರ ತಿಳಿಯುವುದಿಲ್ಲ. ವೇದಿಕೆಯ ದನಿ ಗೋಡೆ, ಚಾವಣಿಗಳಿಗೆ ಬಡಿದು ಮಾರ್ದನಿಗೊಂಡು, ಫ್ಯಾನಿನ ಸದ್ದು, ಪಕ್ಕದವರ ಪಿಸುಮಾತುಗಳ ಜೊತೆ ಕಲಸಿಕೊಂಡು ಸಾಧನದ ಮೈಕಿಗೆ ಬರುತ್ತದೆ. ಸಾಧನ ಅಷ್ಟನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ.

ಇಂಡಕ್ಷನ್ ಲೂಪ್ ಈ ತೊಡಕನ್ನು ಬುಡದಲ್ಲೇ ಬಿಡಿಸುತ್ತದೆ. ಭಾಷಣಕಾರರ ಮೈಕಿನಿಂದ ಬಂದ ಸಂಕೇತವನ್ನು ಒಂದು ಆಂಪ್ಲಿಫೈಯರ್ ವಿದ್ಯುತ್ ಪ್ರವಾಹವಾಗಿಸಿ ಸಭಾಂಗಣವನ್ನು ಸುತ್ತುವರಿದ ತಂತಿಗೆ ಹರಿಸುತ್ತದೆ. ಮಾತಿನ ಏರಿಳಿತಕ್ಕೆ ತಕ್ಕಂತೆ ಕಾಂತಕ್ಷೇತ್ರ ಮಿಡಿಯುತ್ತದೆ. ಶ್ರವಣಸಾಧನದೊಳಗಿನ ಪುಟ್ಟ ಸುರುಳಿ, ಅಂದರೆ ಟೆಲಿಕಾಯಿಲ್, ಅದನ್ನು ಹಿಡಿದು ಕಿವಿಗೆ ಕೊಡುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಜೋಸೆಫ್ ಪೊಲಿಯಾಕಾಫ್ 1937ರಲ್ಲಿ ಬ್ರಿಟನ್ನಿನಲ್ಲಿ ಲೂಪ್ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಇಂದು ಅಲ್ಲಿನ ಚರ್ಚು, ರಂಗಮಂದಿರ, ಟಿಕೆಟ್ ಕೌಂಟರುಗಳಲ್ಲಿ, ಲಂಡನ್ನಿನ ಟ್ಯಾಕ್ಸಿಗಳಲ್ಲೂ ಲೂಪ್ ಇದೆ.

ಸುತ್ತ ತಂತಿ ಎಳೆದರೆ ಮುಗಿಯಿತು ಎಂದುಕೊಂಡವರ ಲೂಪುಗಳೇ ಹೆಚ್ಚಾಗಿ ಕೈಕೊಡುವುದು. ನೆಲದ ತಂತಿಯ ನೇರ ಮೇಲೆ ಕಾಂತಕ್ಷೇತ್ರ ಅಡ್ಡಲಾಗಿರುತ್ತದೆ. ನೆಟ್ಟಗೆ ನಿಂತ ಟೆಲಿಕಾಯಿಲ್‌ಗೆ ಅಲ್ಲಿ ಏನೂ ಸಿಗದು. ಹಾಗಾಗಿ ಯಾರ ಕುರ್ಚಿಯೂ ತಂತಿಯ ಮೇಲೆ ಬರಬಾರದು. ಐಇಸಿ 60118-4 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮಾತಿನ ಉಚ್ಚ ಕ್ಷಣಗಳಲ್ಲಿ ಕ್ಷೇತ್ರದ ಬಲ ಮೀಟರಿಗೆ 400 ಮಿಲಿಆಂಪಿಯರ್ ಮುಟ್ಟಬೇಕು. ಕುಳಿತವರ ಕಿವಿಯ ಎತ್ತರವನ್ನು 1.2 ಮೀಟರ್ ಎಂದಿಟ್ಟುಕೊಂಡು ಅಳೆಯುತ್ತಾರೆ.

ನಿಜವಾದ ತಲೆನೋವು ಕಾಂಕ್ರೀಟಿನೊಳಗಿನ ಕಬ್ಬಿಣದ್ದು. ಲೂಪಿನ ಕ್ಷೇತ್ರ ಆ ಕಂಬಿಗಳಲ್ಲಿ ಸುಳಿಪ್ರವಾಹ, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್, ಹುಟ್ಟಿಸುತ್ತದೆ, ಆ ಪ್ರವಾಹ ಮೂಲ ಕ್ಷೇತ್ರವನ್ನೇ ಎದುರಿಸುತ್ತದೆ. ಸಭಾಂಗಣದ ನಡುವೆ ಸಂಕೇತ ಕುಸಿಯುತ್ತದೆ; ಹೆಚ್ಚಿನ ಕಂಪನಾಂಕಗಳಿಗೆ ಪೆಟ್ಟು ಇನ್ನೂ ಜೋರು. ಸ, ಶ, ಚಗಳನ್ನು ಬೇರ್ಪಡಿಸುವ ಸೂಕ್ಷ್ಮವೆಲ್ಲ ಅಲ್ಲೇ ಇರುವುದರಿಂದ ದನಿ ಕೇಳಿದರೂ ಪದ ಕೈಗೆ ಸಿಗುವುದಿಲ್ಲ. ಅಂಥ ಕಡೆ ಕಾರ್ಪೆಟ್ಟಿನಡಿ ಚಪ್ಪಟೆ ತಾಮ್ರದ ಪಟ್ಟಿಯಿಂದ ಎರಡು ಲೂಪುಗಳನ್ನು ಒಂದರ ಮೇಲೊಂದು ಸರಿಸಿ ಹಾಸಿ, ಅವುಗಳ ಪ್ರವಾಹಗಳ ನಡುವೆ 90 ಡಿಗ್ರಿ ಹಂತಭೇದ ಇಡುತ್ತಾರೆ, ಅಂದರೆ ಒಂದರ ಏರಿಳಿತ ಇನ್ನೊಂದಕ್ಕಿಂತ ಕಾಲು ಸುತ್ತು ಹಿಂದಿರುತ್ತದೆ. ಒಂದು ಸೋತಲ್ಲಿ ಇನ್ನೊಂದು ಆಸರೆಯಾಗುತ್ತದೆ. ಸಂಕೇತ ಪಕ್ಕದ ಕೋಣೆಗೆ ಸೋರುವುದೂ ತಗ್ಗುತ್ತದೆ, ಗುಟ್ಟಿನ ಮಾತುಕತೆ ನಡೆಯುವ ಕಡೆ ಇದು ಸಣ್ಣ ವಿಷಯವಲ್ಲ.

ತಂತಿ ಹಾಸುವ ಮೊದಲೇ ಕಟ್ಟಡದ ಕಾಂತೀಯ ಗದ್ದಲವನ್ನು ಅಳೆಯಬೇಕು. ವೈರಿಂಗ್ ದೋಷದಿಂದ, ದೀಪದ ಡಿಮ್ಮರುಗಳಿಂದ ಹೊರಡುವ ಗುಂಯ್ ಸದ್ದನ್ನು ಯಾವ ಆಂಪ್ಲಿಫೈಯರೂ ಅಳಿಸಲಾರದು. ಮೈಕಿನ ವಿಷಯದಲ್ಲಿ ನನ್ನದು ಹಟವೇ: ಸಭಿಕರು ಪ್ರಶ್ನೆ ಕೇಳುವಾಗಲೂ ಅವರ ಕೈಗೆ ಮೈಕು ಕೊಡಲೇಬೇಕು, ಇಲ್ಲವಾದರೆ ಲೂಪ್ ಬಳಸುವವರಿಗೆ ಉತ್ತರ ಮಾತ್ರ ಕೇಳಿಸುತ್ತದೆ.

ತೀರಾ ಪುಟ್ಟ ಸಾಧನಗಳಲ್ಲಿ ಟೆಲಿಕಾಯಿಲ್ ಇರುವುದಿಲ್ಲ. ಇದ್ದರೂ ಎಷ್ಟೋ ಸಲ ಅದನ್ನು ಚಾಲೂ ಮಾಡಿರುವುದಿಲ್ಲ. ಸಾಧನ ಕೊಳ್ಳುವ ದಿನವೇ ಶ್ರವಣತಜ್ಞರನ್ನು ಈ ಬಗ್ಗೆ ಕೇಳಿ, ಟೆಲಿಕಾಯಿಲ್ ಚಾಲೂ ಮಾಡುವ 'ಟಿ' ಆಯ್ಕೆಯನ್ನು ಹೊಂದಿಸಿಕೊಂಡೇ ಬನ್ನಿ.