ಅಪ್ಪನ ಕಾಲದ ಜೀಪಿಗೆ ಪವರ್ ಸ್ಟೀರಿಂಗ್ ಕೂರುತ್ತಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆ ಮಹೀಂದ್ರ ಡೀಸೆಲ್ ಜೀಪ್ ಇದೆ. ಹಿಂದಕ್ಕೆ ಪಿಕಪ್ ಥರ ಬಾಡಿ ಕಟ್ಟಿಸಿದ್ದೇವೆ. ತೋಟದ ಗೊಬ್ಬರ, ಕಾಫಿ ಮೂಟೆ ಎಲ್ಲ ಅದರಲ್ಲೇ. ಅಪ್ಪನಿಗೆ ಈಗ ಭುಜ ನೋವು, ಆದರೂ ಜೀಪ್ ಬಿಡಲ್ಲ ಅಂತಾರೆ. ಇದಕ್ಕೆ ಪವರ್ ಸ್ಟೀರಿಂಗ್ ಹಾಕಿಸಬಹುದಾ? ಹಾಕಿಸಿದರೆ ಯಾವುದು ಒಳ್ಳೆಯದು?

ಉತ್ತರ: ಹಾಕಿಸಬಹುದು. ಮಲೆನಾಡಲ್ಲಿ ಈ ಕೆಲಸ ಮಾಡಿಸಿಕೊಂಡ ಜೀಪುಗಳು ಬೇಕಾದಷ್ಟು ಓಡಾಡುತ್ತಿವೆ. ಆದರೆ ಗುಜರಿಗೆ ಹೋಗಿ ಸ್ಟೀರಿಂಗ್ ಬಾಕ್ಸು (ವೀಲ್ ತಿರುಗಿಸಿದ್ದನ್ನು ಚಕ್ರದ ಕಡೆಗೆ ದಾಟಿಸುವ ಹಲ್ಲಿನ ಪೆಟ್ಟಿಗೆ), ಪಂಪು ಹುಡುಕುವ ಮುಂಚೆ ಒಂದು ಭಾನುವಾರ ಜೀಪಿನ ಕೆಳಗೆ ಮಲಗಿ. ಸ್ಟೀರಿಂಗ್ ಯಾಕೆ ಭಾರ ಆಗಿದೆ ಅಂತ ಮೊದಲು ಗೊತ್ತಾಗಬೇಕು.

ಮುಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಬೇಡಿ. ಈಗ ಸ್ಟೀರಿಂಗ್ ತಿರುಗಿಸಿ. ಚಕ್ರ ಗಾಳಿಯಲ್ಲಿದ್ದಾಗ ಒಂದೇ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಆಗಲೂ ಬಿಗಿ ಅನ್ನಿಸಿದರೆ ತಪ್ಪು ಜೀಪಿನ ತೂಕದ್ದಲ್ಲ. ಡ್ರಾಪ್ ಆರ್ಮ್‌ನಿಂದ (ಬಾಕ್ಸಿನಿಂದ ಹೊರಬರುವ ತೋಳು) ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಚಕ್ರದ ಕಡೆ ಹೋಗುವ ಸರಳು) ಬಿಚ್ಚಿ, ಎರಡು ಕಡೆಯನ್ನೂ ಬೇರೆ ಬೇರೆ ತಿರುಗಿಸಿ ನೋಡಿ. ಮೇಲೆ ಬಿಗಿ ಇದ್ದರೆ ಸ್ಟೀರಿಂಗ್ ಬಾಕ್ಸ್ ನೋಡಬೇಕು. ಕೆಳಗೆ ಬಿಗಿ ಇದ್ದರೆ ಹೆಚ್ಚಾಗಿ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು.

ಹಳೆ ಜೀಪಿನ ಮುಂದಿನ ನಕಲ್ (ಚಕ್ರವನ್ನು ಹೊತ್ತು ಆ ಕೀಲಿನ ಮೇಲೆ ತಿರುಗುವ ಭಾಗ) ಒಳಗೆ ಮೇಲೊಂದು ಕೆಳಗೊಂದು ರೋಲರ್ ಬೇರಿಂಗ್ ಇರುತ್ತವೆ. ಹಿಂಬದಿಯ ಫೆಲ್ಟ್ ಸೀಲ್ ಒಣಗಿ ಹರಿದರೆ ಹಳ್ಳದ ನೀರು ನೇರ ಒಳಗೆ. ನಮ್ಮ ಜೀಪಿನ ಎಡಗಡೆ ನಕಲ್ ಬಿಚ್ಚಿದಾಗ ಗ್ರೀಸ್ ಇರಬೇಕಾದ ಜಾಗದಲ್ಲಿ ಕಂದು ಕೆಸರು ಇತ್ತು. ಕೆಳಗಿನ ಬೇರಿಂಗ್ ಕಪ್ಪಿನಲ್ಲಿ ರೋಲರ್‌ಗಳು ಸಾಲಾಗಿ ಗೀರು ಬಿಟ್ಟಿದ್ದವು. ಕೈಯಲ್ಲಿ ತಿರುಗಿಸಿದರೆ ಹಳೆ ಟಿವಿಯ ಚಾನೆಲ್ ನಾಬ್ ಥರ ಟಕ್ ಟಕ್ ಅಂತ ನಿಂತು ನಿಂತು ತಿರುಗುತ್ತಿತ್ತು. ಬೇರಿಂಗ್, ಸೀಲ್ ಬದಲಾಯಿಸಿ ಶಿಮ್ (ಸಂದು ಹೊಂದಿಸುವ ತೆಳು ತಗಡು) ಸರಿ ಮಾಡಿದ ಮೇಲೆ ಅರ್ಧ ಭಾರ ಅಲ್ಲೇ ಇಳಿಯಿತು.

ಟೈರೂ ನೋಡಿಕೊಳ್ಳಿ. ವಿಲ್ಲಿಸ್ (ಮಹೀಂದ್ರ ಜೀಪಿನ ಮೂಲ ಅಮೆರಿಕನ್ ಮಾದರಿ) ಕಾಲದ ಜೀಪಿಗೆ ಬರುತ್ತಿದ್ದದ್ದು 6.00-16, ಸಪೂರ ಟೈರು. ಅದಕ್ಕೆ ಅಂತ ಮಾಡಿದ ಸ್ಟೀರಿಂಗಿಗೆ ನೋಡೋಕೆ ಚೆಂದ ಅಂತ ಅಗಲ ಟೈರು ಹಾಕಿ, ಗಾಳಿಯನ್ನೂ ಕಮ್ಮಿ ಇಟ್ಟರೆ ಯಾರ ಭುಜ ತಾನೇ ಉಳಿಯುತ್ತೆ? ಜೀಪ್ ನಿಂತಿರುವಾಗ ತಿರುಗಿಸಬೇಡಿ. ಚಕ್ರ ಒಂದು ಚೂರು ಉರುಳಲಿ, ಆಮೇಲೆ ತಿರುಗಿಸಿ. ಇದಕ್ಕೆ ಖರ್ಚೇ ಇಲ್ಲ.

ಇದನ್ನೆಲ್ಲ ಬಿಟ್ಟು ನೇರ ಪವರ್ ಸ್ಟೀರಿಂಗ್ ಹಾಕಿಸಿದರೆ ಏನಾಗುತ್ತೆ? ಕೈಗೆ ಗೊತ್ತಾಗುತ್ತಿದ್ದ ಸವೆತ ಗೊತ್ತಾಗೋದು ನಿಂತುಹೋಗುತ್ತೆ. ಸವೆತ ಮಾತ್ರ ಅಲ್ಲೇ ಇರುತ್ತೆ. ಲಡ್ಡಾದ ಬಾಲ್ ಜಾಯಿಂಟನ್ನು ಈಗ ಎಣ್ಣೆಯ ಒತ್ತಡ ತಳ್ಳುತ್ತೆ, ಅಷ್ಟೇ.

ಎಲ್ಲ ಸರಿ ಮಾಡಿದ ಮೇಲೂ ಮೂಟೆ ತುಂಬಿದಾಗ ಭಾರ ಅನ್ನಿಸುತ್ತಾ? ಹಾಗಾದರೆ ಎರಡು ದಾರಿ ಇವೆ.

ಒಂದು, ಹೈಡ್ರಾಲಿಕ್. ಎಂಜಿನ್ ಬೆಲ್ಟಿನಿಂದ ಪಂಪ್ ತಿರುಗಿ, ಎಣ್ಣೆಯ ಒತ್ತಡ ಬಾಕ್ಸಿನೊಳಗಿನ ಪಿಸ್ಟನ್ ತಳ್ಳುತ್ತೆ. ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಪಿಯರ್ಸ್-ಆ್ಯರೊ ಕಂಪನಿಯ ಟ್ರಕ್ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್ ಅನ್ನುವ ಎಂಜಿನಿಯರ್ 1926ರಲ್ಲೇ ಇದನ್ನು ಓಡಿಸಿ ತೋರಿಸಿದ್ದ. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ. ನಮ್ಮ ಜೀಪುಗಳಿಗೆ ಇನ್ನೂ ನಾವೇ ಕೂರಿಸಿಕೊಳ್ಳುತ್ತಿದ್ದೇವೆ, ಇರಲಿ.

ಹೈಡ್ರಾಲಿಕ್‌ನಲ್ಲಿ ಬಾಕ್ಸ್ ಸಿಗುವುದು ಕಷ್ಟವಲ್ಲ. ಕಷ್ಟ ಇರೋದು ಪಂಪಿನ ಬ್ರಾಕೆಟ್ಟಿನಲ್ಲಿ. ಪಂಪಿನ ಪುಲ್ಲಿ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯ ನೇರಕ್ಕೆ ಬರಲೇಬೇಕು. ಸ್ವಲ್ಪ ಓರೆಯಾದರೂ ಬೆಲ್ಟ್ ಕಿರುಚುತ್ತೆ, ಆಮೇಲೆ ಹರಿಯುತ್ತೆ. ನಿಮ್ಮದು 2523 ಸಿಸಿ ಡೀಸೆಲ್ ಆಗಿದ್ದರೆ ಅದೇ ಅಳತೆಯ ಎಂಜಿನ್ ಬೊಲೆರೊದಲ್ಲೂ ಬಂದಿದೆ. ಹೊಸ ಬ್ರಾಕೆಟ್ ಮಾಡಿಸುವ ಮುಂಚೆ ಅದರದ್ದನ್ನು ಹಿಡಿದು ನೋಡಿ.

ಇನ್ನೊಂದು, ಎಲೆಕ್ಟ್ರಿಕ್. ಸಣ್ಣ ಕಾರುಗಳ ಸ್ಟೀರಿಂಗ್ ಕಾಲಮ್ಮಿನಲ್ಲೇ ಮೋಟಾರ್ ಇರುತ್ತೆ. ಅದನ್ನು ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸುತ್ತಾರೆ. ಪಂಪ್ ಇಲ್ಲ, ಪೈಪ್ ಇಲ್ಲ, ಎಣ್ಣೆ ಸೋರೋದಿಲ್ಲ. ಆದರೆ ಪೂರ್ತಿ ತಿರುಗಿಸುವಾಗ ಮೋಟಾರ್ ಹತ್ತಾರು ಆಂಪಿಯರ್ ಎಳೆಯುತ್ತೆ. ಹಳೆ ಡೈನಮೋ ಇದ್ದರೆ ಮರೆತುಬಿಡಿ, ಒಳ್ಳೆ ಆಲ್ಟರ್ನೇಟರ್ ಬೇಕು. ದಪ್ಪ ವೈರು ಬೇಕು, ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಬೇಕು. ಆ ಮೋಟಾರಿನ ಕಂಪ್ಯೂಟರಿಗೆ ಗಾಡಿ ಎಷ್ಟು ವೇಗದಲ್ಲಿದೆ ಅಂತ ಗೊತ್ತಾಗಬೇಕು. ಜೀಪಿನಿಂದ ಆ ಸುದ್ದಿ ಹೋಗೋದಿಲ್ಲ. ಆಗ ಕೆಲವು ಕಾಲಮ್‌ಗಳು ಎಲ್ಲ ವೇಗದಲ್ಲೂ ಒಂದೇ ಸಮ ಸಹಾಯ ಕೊಡುತ್ತವೆ. ಹೈವೇಯಲ್ಲಿ ಸ್ಟೀರಿಂಗ್ ತೀರಾ ಹಗುರ ಆಗೋದು ಒಳ್ಳೆಯದಲ್ಲ. ಅದಕ್ಕೇ ಹೆಚ್ಚು ಕಮ್ಮಿ ಮಾಡುವ ನಾಬ್ ಇರುವ ಕಂಟ್ರೋಲರ್ ಹಾಕುತ್ತಾರೆ. ಇನ್ನೊಂದು ಮಾತು: ಇದರಲ್ಲಿ ಹಳೆ ಬಾಕ್ಸ್ ಹಾಗೇ ಉಳಿಯುತ್ತೆ. ಮೋಟಾರಿನ ಬಲವೆಲ್ಲ ಆ ಬಾಕ್ಸಿನ ಹಲ್ಲಿನ ಮೇಲೇ ಬೀಳುತ್ತೆ.

ನನ್ನ ಲೆಕ್ಕದಲ್ಲಿ ಭಾನುವಾರ ಮಾತ್ರ ಓಡುವ ಜೀಪಿಗೆ ಎಲೆಕ್ಟ್ರಿಕ್ ಸಾಕು. ದಿನಾ ಕೆಸರಲ್ಲಿ ಮೂಟೆ ಹೊರುವ ನಿಮ್ಮದಕ್ಕೆ ಹೈಡ್ರಾಲಿಕ್ಕೇ ಸರಿ.

ಈಗ ಕೆಲಸ ಕೆಡುವ ಜಾಗಗಳಿಗೆ ಬರೋಣ. ಬಾಕ್ಸ್ ಕೊಳ್ಳುವಾಗ ಕೈಯಲ್ಲಿ ಹಿಡಿದು ಶಾಫ್ಟ್ ಬಲಕ್ಕೆ ತಿರುಗಿಸಿ, ಡ್ರಾಪ್ ಆರ್ಮ್ ಯಾವ ಕಡೆ ಹೋಗುತ್ತೆ ನೋಡಿ. ಬೇರೆ ಗಾಡಿಯ ಬಾಕ್ಸ್ ನಿಮ್ಮ ಚಾಸಿಯಲ್ಲಿ ಕೂರುವ ರೀತಿಗೆ ಅದು ಉಲ್ಟಾ ಆಗಬಹುದು. ಬಲಕ್ಕೆ ತಿರುಗಿಸಿದರೆ ಜೀಪ್ ಎಡಕ್ಕೆ ಹೋಗುತ್ತೆ. ನಗಬೇಡಿ, ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಇದು ಗೊತ್ತಾದವರೂ ಇದ್ದಾರೆ.

ಆಮೇಲೆ ಚಾಸಿ. ಮೊದಲು ನಿಮ್ಮ ತೋಳು ಹಾಕುತ್ತಿದ್ದ ಬಲಕ್ಕಿಂತ ಎಷ್ಟೋ ಪಾಲು ಜಾಸ್ತಿ ಬಲ ಈಗ ಬಾಕ್ಸ್ ಕೂತ ಜಾಗದ ಮೇಲೆ ಬೀಳುತ್ತೆ. ನಮ್ಮ ಜೀಪಿಗೆ ಮೊದಲ ಸಲ ಹಾಕಿಸಿದಾಗ ಗ್ಯಾರೇಜಿನವರು ಒಂದು ತೆಳು ಪಟ್ಟಿಯನ್ನು ಚಾಸಿಗೆ ವೆಲ್ಡ್ ಮಾಡಿ ಬಾಕ್ಸ್ ನೇತುಹಾಕಿದ್ದರು. ಮೂರು ತಿಂಗಳಾದ ಮೇಲೆ ತಿರುವಿನಲ್ಲಿ 'ಕಟ್' ಅಂತ ಸದ್ದು ಶುರುವಾಯಿತು. ನನ್ನ ತಮ್ಮ ಸ್ಟೀರಿಂಗ್ ಅಲ್ಲಾಡಿಸಿದ, ನಾನು ಟಾರ್ಚ್ ಹಿಡಿದು ಕೆಳಗೆ ನೋಡಿದೆ. ಚಕ್ರ ತಿರುಗುವ ಮುಂಚೆ ಬಾಕ್ಸೇ ಬಾಗುತ್ತಿತ್ತು! ವೆಲ್ಡಿನ ಅಂಚಲ್ಲಿ ಕೂದಲಷ್ಟು ಬಿರುಕು, ಅದರಿಂದ ತುಕ್ಕಿನ ಪುಡಿ. ಎರಡನೇ ಸಲ ಬೇರೆ ಮೇಸ್ತ್ರಿ ಚಾಸಿಯ ಎರಡೂ ಬದಿ ದಪ್ಪ ಪ್ಲೇಟ್ ಕೊಟ್ಟರು. ಬೋಲ್ಟ್ ಬಿಗಿ ಮಾಡಿದಾಗ ಚಾಸಿ ಒಳಕ್ಕೆ ಅಪ್ಪಚ್ಚಿ ಆಗದ ಹಾಗೆ ಒಳಗೆ ಪೈಪಿನ ತುಂಡು ಇಟ್ಟರು. ಎದುರು ಬದಿಯ ಚಾಸಿ ತೊಲೆಗೆ ಒಂದು ಅಡ್ಡಪಟ್ಟಿಯನ್ನೂ ಎಳೆದರು. ಅದು ಇವತ್ತಿಗೂ ಗಟ್ಟಿ ಇದೆ.

ವಿಲ್ಲಿಸ್ ಮಾದರಿಯ ಹಳೆ ಬಾಕ್ಸಿನಲ್ಲಿ ಶಾಫ್ಟ್ ಒಂದೇ ಉದ್ದ ಸರಳು, ಬಾಕ್ಸಿನಿಂದ ನೇರ ಡ್ರೈವರ್ ಎದೆಯ ಎದುರಿಗೆ. ಪವರ್ ಬಾಕ್ಸ್ ಹಾಕುವಾಗ ಇದು ಹೋಗಿ, ನಡುವೆ ಯೂನಿವರ್ಸಲ್ ಜಾಯಿಂಟ್ (ಓರೆಯಲ್ಲೂ ತಿರುಗುವ ಕೀಲು) ಬರುತ್ತೆ. ಡಿಕ್ಕಿಯಾದಾಗ ಅದು ಮಡಚಿಕೊಳ್ಳುವುದರಿಂದ ಎದೆಗೂ ಒಳ್ಳೆಯದು. ಆ ಶಾಫ್ಟನ್ನು ಮಾತ್ರ ಸುಮ್ನೆ ಕತ್ತರಿಸಿ ವೆಲ್ಡ್ ಮಾಡಲು ಬಿಡಬೇಡಿ. ಹಲ್ಲು ಹೊಂದುವ ಜಾಯಿಂಟ್ ಹಾಕಿ ಬೋಲ್ಟ್ ಮಾಡಿಸಿ.

ಬಾಕ್ಸಿನ ನಡುಮಧ್ಯ ಮತ್ತು ಚಕ್ರದ ನೇರ ಒಂದೇ ಆಗಿರಬೇಕು. ಒಂದು ತುದಿಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ, ಆಮೇಲೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ. ಸ್ಟೀರಿಂಗ್ ವೀಲ್ ಕಿತ್ತು ನೇರ ಕೂರಿಸಿದರೆ ಅದು ಕಣ್ಣಿಗೆ ಮಾತ್ರ ನೇರ.

ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಬರುತ್ತಿಲ್ಲವಾ? ಹೆಚ್ಚಾಗಿ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಮ್ಮಿ ಇರುತ್ತೆ. ಹಳೆ ಜೀಪಿಗೆ ಸುಮಾರು 3 ಡಿಗ್ರಿ ಇಟ್ಟಿರುತ್ತಾರೆ. ಪ್ಲೇಟ್ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆ ಕೊಟ್ಟು ಒಂದೆರಡು ಡಿಗ್ರಿ ಏರಿಸಬಹುದು. ತುಂಬಾ ಏರಿಸಿದರೆ ಫೋರ್ ವೀಲ್ ಜೀಪಿನಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ (ಮುಂದಿನ ಆಕ್ಸಲ್‌ಗೆ ಎಂಜಿನ್ ಬಲ ಒಯ್ಯುವ ಸರಳು) ಕೋನ ಕೆಡುತ್ತೆ.

ಎಣ್ಣೆ ತುಂಬಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ನಿಧಾನ ತಿರುಗಿಸಿ, ಎಣ್ಣೆ ಇಳಿದಂತೆ ತುಂಬಿ. ಎಣ್ಣೆ ಹಾಲಿನ ಥರ ನೊರೆ ಬಂದರೆ ಒಳಗೆ ಇನ್ನೂ ಗಾಳಿ ಇದೆ. ಓಡಿಸುವಾಗ ಪೂರ್ತಿ ತಿರುಗಿಸಿದ ತುದಿಯಲ್ಲಿ ಹಿಡಿದು ನಿಲ್ಲಬೇಡಿ, ಎಣ್ಣೆ ಕಾದು ಪಂಪ್ ಕೂಗುತ್ತೆ.

ಕಾಗದದ ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಪಿಕಪ್ ಬಾಡಿ ಕಟ್ಟಿಸಿದ್ದೀರಲ್ಲ, ಅದು ಆರ್‌ಸಿಯಲ್ಲಿ ಸೇರಿದೆಯಾ ಅಂತ ಮೊದಲು ನೋಡಿಕೊಳ್ಳಿ. ಆರ್‌ಟಿಒದಲ್ಲಿ ಸ್ಟೀರಿಂಗಿನ ಬಗ್ಗೆಯೂ ಕೇಳಿ, ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿ.

ಕೊನೆಗೆ ಅಪ್ಪನ ವಿಷಯ. ಡೀಸೆಲ್ ಉಳಿಸೋಕೆ ಘಾಟಿ ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ ಇಳಿಸುವ ಚಾಳಿ ನಮ್ಮ ಕಡೆಯ ಹಿರಿಯರಲ್ಲಿ ಇದೆ. ಹೈಡ್ರಾಲಿಕ್ ಹಾಕಿದ ಮೇಲೆ ಅದು ಬಿಲ್ಕುಲ್ ಕೂಡದು. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತೆ, ಸ್ಟೀರಿಂಗ್ ಮೊದಲಿದ್ದಕ್ಕಿಂತಲೂ ಭಾರ ಆಗುತ್ತೆ. ಬಾಯಲ್ಲಿ ಹೇಳಿದರೆ ಅವರು ಕೇಳ್ತಾರೋ ಇಲ್ಲವೋ. ಕೀಲಿ ಕೊಡುವ ಮುಂಚೆ ಅಂಗಳದಲ್ಲಿ ಎಂಜಿನ್ ಆಫ್ ಮಾಡಿ, ಜೀಪನ್ನು ನಾಲ್ಕು ಹೆಜ್ಜೆ ನೂಕಿಸಿ, ಅವರ ಕೈಯಲ್ಲೇ ಒಂದು ಸಲ ತಿರುಗಿಸಿ ನೋಡಿಸಿ.