ದುಬೈ ವರ್ಕ್ ಪರ್ಮಿಟ್: ಅರ್ಜಿ ಕಂಪನಿಯದ್ದು, ಸಹಿ ನಿಮ್ಮದು

"ದುಬೈಗೆ ವರ್ಕ್ ಪರ್ಮಿಟ್ ಅಪ್ಲೈ ಮಾಡ್ಬೇಕಿತ್ತು, ಎಷ್ಟಾಗ್ತದೆ?" ಉಡುಪಿ, ಕುಂದಾಪುರ, ಭಟ್ಕಳದ ಕಡೆಯಿಂದ ನನ್ನ ಹತ್ತಿರ ಕಾಗದಪತ್ರ ತೋರಿಸಲು ಬರುವವರು ಸಾಮಾನ್ಯವಾಗಿ ಮಾತು ಶುರು ಮಾಡುವುದೇ ಹೀಗೆ. ಆದರೆ ಯುಎಇಯಲ್ಲಿ ಮಾಮೂಲಿ ನೌಕರಿಯ ಪರ್ಮಿಟ್‌ಗೆ ಅರ್ಜಿ ಹಾಕುವವರು ನೀವಲ್ಲ, ನಿಮ್ಮನ್ನು ಕೆಲಸಕ್ಕೆ ಕರೆಸಿಕೊಳ್ಳುವ ಕಂಪನಿ. ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ, ಗಲ್ಫ್‌ನವರ ಬಾಯಲ್ಲಿ ಅದು 'ಮೊಹ್ರೆ', ಕಂಪನಿ ತನ್ನ ಖಾತೆಯಿಂದ ಅರ್ಜಿ ಸಲ್ಲಿಸುತ್ತದೆ. ಹಾಗಾಗಿ ಊರಿನಲ್ಲಿ ಕುಳಿತು "ಪರ್ಮಿಟ್ ನಾನೇ ಮಾಡಿಸಿಕೊಡ್ತೇನೆ, ಕಂಪನಿ ಆಮೇಲೆ ನೋಡುವ" ಎನ್ನುವವರ ಹತ್ತಿರ ಪಾಸ್‌ಪೋರ್ಟ್ ಕೊಟ್ಟು ಬರಬೇಡಿ. ಕಂಪನಿಯ ಹೆಸರಿಲ್ಲದೆ ಪರ್ಮಿಟ್ ಹುಟ್ಟುವುದೇ ಇಲ್ಲ. 'ಫ್ರೀ ವೀಸಾ' ಅಂತ ಮಾರುತ್ತಾರಲ್ಲ, ಯಾರದೋ ಹೆಸರಿನಲ್ಲಿ ಹೋಗಿ ಎಲ್ಲೋ ದುಡಿಯುವುದು, ಅದು ಕಾನೂನಿನಲ್ಲಿ ಇಲ್ಲವೇ ಇಲ್ಲದ ವಸ್ತು.

ಖರ್ಚಿನ ವಿಷಯ ಕೇಳಿದಿರಿ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯುಎಇಯ ಹೊಸ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಮಾಲೀಕ ಕಾರ್ಮಿಕನಿಂದ ನೇರವಾಗಿಯೂ ವಸೂಲಿ ಮಾಡುವಂತಿಲ್ಲ, ಸುತ್ತಿಬಳಸಿಯೂ ಮಾಡುವಂತಿಲ್ಲ. ಇತ್ತ ನಮ್ಮ ದೇಶದ ನಿಯಮದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಸೇವಾಶುಲ್ಕವೆಂದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 35,400 ರೂಪಾಯಿ ತೆಗೆದುಕೊಳ್ಳಬಹುದು, ಅದಕ್ಕೆ ರಸೀದಿ ಕೊಡಬೇಕು. ಒಂದೂವರೆ ಲಕ್ಷ 'ವೀಸಾ ಚಾರ್ಜ್' ಎನ್ನುವವನ ಹತ್ತಿರ ರಸೀದಿ ಕೇಳಿ ನೋಡಿ. ಮಾತಿನ ಧಾಟಿ ಅಲ್ಲೇ ಬದಲಾಗುತ್ತದೆ.

ಹಾಗಾದರೆ ಈ ಇಡೀ ವ್ಯವಹಾರದಲ್ಲಿ ನಿಮ್ಮ ಪಾಲಿನ ಕೆಲಸ ಏನು? ಆಫರ್ ಲೆಟರ್ ಓದಿ ಸಹಿ ಹಾಕುವುದು. ಕೇಳಲಿಕ್ಕೆ ಸಣ್ಣದು. ಮುಂದಿನ ಎರಡು ವರ್ಷ ನಿಂತಿರುವುದು ಮಾತ್ರ ಅದರ ಮೇಲೆ.

ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರುವ ಚೆಂದದ ಕಾಗದದ ಮಾತಲ್ಲ ಇದು. ಸಚಿವಾಲಯದ್ದೇ ಒಂದು ನಮೂನೆ ಇದೆ, ಅದಕ್ಕೊಂದು ಸಂಖ್ಯೆ ಇರುತ್ತದೆ. 2016ರ ಜನವರಿಯಿಂದ ಈ ನಮೂನೆಗೆ ಕಾರ್ಮಿಕನ ಸಹಿ ಬಿದ್ದ ಮೇಲೆಯೇ ಪರ್ಮಿಟ್‌ನ ಕೆಲಸ ಮುಂದೆ ಹೋಗಬೇಕು ಎಂಬ ನಿಯಮವಿದೆ. ಅಲ್ಲಿ ಹೋದ ಮೇಲೆ ಮಾಡುವ ಕರಾರು ಇದಕ್ಕಿಂತ ಕಡಿಮೆಯದ್ದಾಗುವಂತಿಲ್ಲ. ಇಲ್ಲಿ 1,500 ದಿರ್ಹಂ ತೋರಿಸಿ ಅಲ್ಲಿ 900ಕ್ಕೆ ಸಹಿ ಹಾಕಿಸುವ ಹಳೆಯ ಆಟಕ್ಕೆ ಬಿದ್ದ ಕಡಿವಾಣ ಅದು. ನಮೂನೆ ಅರಬ್ಬಿ, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಸಿಗುತ್ತದೆ. ಹಿಂದಿ, ಮಲಯಾಳ, ತಮಿಳು ಆ ಪಟ್ಟಿಯಲ್ಲಿವೆ, ಕನ್ನಡ ಇಲ್ಲ. ನಮ್ಮ ಹುಡುಗರು ಓದದೆ ಸಹಿ ಹಾಕುವುದಕ್ಕೆ ಇದೂ ಒಂದು ಕಾರಣ. ಊರಿನಲ್ಲಿ ಇಂಗ್ಲಿಷ್ ಬಲ್ಲವರನ್ನು, ಶಾಲೆಯ ಮೇಷ್ಟ್ರಾದರೂ ಸರಿ, ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಪುಟ ಓದಿಸಿ.

ಓದುವಾಗ ಎಲ್ಲರ ಕಣ್ಣು ಒಟ್ಟು ಸಂಬಳದ ಮೇಲೆ ಬೀಳುತ್ತದೆ. ನಾನು ಮೊದಲು ನೋಡುವುದು ಬೇಸಿಕ್, ಅಂದರೆ ಭತ್ಯೆ ಬಿಟ್ಟು ಉಳಿಯುವ ಮೂಲ ವೇತನ. ಒಟ್ಟು 1,500 ದಿರ್ಹಂ ಅನ್ನಿ. ಒಬ್ಬನ ಆಫರ್‌ನಲ್ಲಿ ಬೇಸಿಕ್ 800, ಉಳಿದ 700 ಭತ್ಯೆ. ಇನ್ನೊಬ್ಬನದು ಬೇಸಿಕ್ 1,200, ಭತ್ಯೆ 300. ತಿಂಗಳ ಕೊನೆಗೆ ಇಬ್ಬರ ಕೈಗೂ ಬರುವುದು ಒಂದೇ. ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ. ಮೊದಲನೆಯವನಿಗೆ ವರ್ಷಕ್ಕೆ 560 ದಿರ್ಹಂ, ಎರಡನೆಯವನಿಗೆ 840. ಓಟಿಯೂ (ಹೆಚ್ಚುವರಿ ಗಂಟೆಯ ದುಡಿಮೆ) ಹಾಗೆಯೇ, ಗಂಟೆಯ ಬೇಸಿಕ್ ಮತ್ತು ಅದರ ಮೇಲೆ ಶೇ. 25. ಒಬ್ಬನಿಗೆ ಗಂಟೆಗೆ ನಾಲ್ಕು ದಿರ್ಹಂ ಚಿಲ್ಲರೆ, ಇನ್ನೊಬ್ಬನಿಗೆ ಆರೂಕಾಲು. ದಿನಕ್ಕೆ ಎರಡು ಗಂಟೆ ಓಟಿ ಮಾಡಿದರೆ ತಿಂಗಳಿಗೆ ನೂರು ದಿರ್ಹಂಗೂ ಹೆಚ್ಚು ವ್ಯತ್ಯಾಸ. ಬೇಸಿಕ್ ಏರಿಸಿ ಎಂದು ಕೇಳಲು ಸಾಧ್ಯವಿರುವುದು ಸಹಿಗೆ ಮುಂಚೆ ಮಾತ್ರ. ಕೇಳಿದರೆ ಎಲ್ಲರೂ ಕೊಡುತ್ತಾರೆಂದಲ್ಲ, ಕೇಳದೆ ಯಾರೂ ಕೊಡುವುದಿಲ್ಲ.

ಎರಡನೆಯದು ಹುದ್ದೆಯ ಹೆಸರು. ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್‌ಗೆ ಪರ್ಮಿಟ್‌ನಲ್ಲಿ 'ಹೆಲ್ಪರ್' ಎಂದು ಬಂದಿದ್ದರೆ "ಹೆಸರಲ್ಲಿ ಏನಿದೆ, ಸಂಬಳ ಸರಿ ಉಂಟಲ್ಲ" ಎಂದು ಬಿಟ್ಟುಬಿಡುತ್ತಾರೆ. ಮುಂದೆ ಬೇರೆ ಕಂಪನಿಗೆ ಹೋಗುವಾಗ ಅನುಭವ ಪತ್ರದಲ್ಲಿ ಬರುವುದು ಅದೇ ಹೆಲ್ಪರ್. ಪದವಿ ಬೇಡುವ ಹುದ್ದೆಯಾದರೆ ಸರ್ಟಿಫಿಕೇಟ್ ದೃಢೀಕರಣ ಆಗಬೇಕು. ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಯುಎಇ ರಾಯಭಾರ ಕಚೇರಿ. ಒಮಾನ್, ಬಹರೇನ್‌ಗೆ ನಡೆಯುವ ಅಪೋಸ್ಟಿಲ್ ಮುದ್ರೆಯನ್ನು (ಹಲವು ದೇಶಗಳು ಒಪ್ಪುವ ದೃಢೀಕರಣದ ಮುದ್ರೆ) ಹಿಡಿದು ಇದರಲ್ಲೇ ಆಯಿತು ಎಂದು ಕೂರಬೇಡಿ. ಆಫರ್ ಬಂದ ಮೇಲೆ ಓಡಾಡುವ ಬದಲು ಮೊದಲೇ ಮುಗಿಸಿಟ್ಟರೆ ಒಳ್ಳೆಯದು.

ನಮ್ಮವರ ಪಾಸ್‌ಪೋರ್ಟ್‌ಗಳಲ್ಲಿ ಇನ್ನೊಂದು ತೊಡಕು ಉಂಟು. ಇನಿಶಿಯಲ್ ಬಿಟ್ಟು ಬರೀ 'ಮಂಜುನಾಥ' ಎಂದು ಒಂದೇ ಪದದ ಹೆಸರು, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇ ಇಂಥ ಹೆಸರಿನವರಿಗೆ ಪ್ರವೇಶ ಇಲ್ಲವೆಂದಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪಬಹುದೆಂದು ಆಮೇಲೆ ಸಡಿಲಿಸಿತು. ಬಜ್ಪೆ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ನಿಂತು ಇದನ್ನು ವಾದಿಸುವುದಕ್ಕಿಂತ ಪಾಸ್‌ಪೋರ್ಟ್ ನವೀಕರಿಸುವಾಗಲೇ ಸರ್‌ನೇಮ್ ಸೇರಿಸಿಬಿಡಿ.

ವಿಸಿಟ್ ವೀಸಾದ ಮಾತು ಬಂದೇ ಬರುತ್ತದೆ. "ಈಗ ವಿಸಿಟ್‌ನಲ್ಲಿ ಹೋಗು, ಅಲ್ಲೇ ಪರ್ಮಿಟ್ ಮಾಡುವ." ಅಲ್ಲಿ ಹೋಗಿ ಕೆಲಸ ಹುಡುಕಿ, ಕಂಪನಿಯ ಮೂಲಕ ದೇಶದೊಳಗೇ ವಿಸಿಟ್ ವೀಸಾವನ್ನು ಕೆಲಸದ ವೀಸಾಕ್ಕೆ ಬದಲಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದು ತಪ್ಪಲ್ಲ. ತಪ್ಪಾಗುವುದು ಪರ್ಮಿಟ್ ಬರುವ ಮೊದಲೇ ಕೆಲಸಕ್ಕೆ ಇಳಿದಾಗ. 2024ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ, ಪರ್ಮಿಟ್ ಇಲ್ಲದವರನ್ನು ದುಡಿಸುವ ಮಾಲೀಕನಿಗೆ ದಂಡ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ. ದಂಡ ಮಾಲೀಕನಿಗೆ, ಸಂಬಳ ಬಾಕಿ ಮಾತ್ರ ನಿಮಗೆ. ಅಧಿಕೃತ ಕರಾರೇ ಇಲ್ಲದವನು ಯಾವ ಸಂಖ್ಯೆ ಹಿಡಿದು ದೂರು ಕೊಡುವುದು?

ಹತ್ತನೇ ತರಗತಿ ಪಾಸಾಗದವರಿಗೆ ಇದು ಇನ್ನೂ ಮುಖ್ಯ. ಅವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗದ್ದು. ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಆ ಅನುಮತಿ ಪಡೆಯಬೇಕು. ಇದಕ್ಕೆ ಬೆಂಗಳೂರಿನಲ್ಲೂ ಕಚೇರಿ ಇದೆ. ಈ ದಾರಿಯಲ್ಲಿ ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಗಿ ಸಿಗುತ್ತದೆ, ಅಪಘಾತದ ಸಾವಿಗೆ 10 ಲಕ್ಷ. ಎರಡು ವರ್ಷದ ಮೂಲ ಕಂತು 275 ರೂಪಾಯಿ. ವಿಸಿಟ್ ವೀಸಾದಲ್ಲಿ ಜಾರಿಕೊಂಡು ಹೋದವನಿಗೆ ಈ ವಿಮೆ ಇಲ್ಲ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನೂ ಅದೇ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನರ್ಸ್‌ಗಳ ದಾರಿ ಬೇರೆ. 2015ರಿಂದ ಈ ದೇಶಗಳಿಗೆ ಅವರ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ. ಮನೆಗೆಲಸಕ್ಕೆ ಹೋಗುವ ಇಸಿಆರ್ ಮಹಿಳೆಯರಿಗೆ 30 ವರ್ಷ ತುಂಬಿರಬೇಕು.

ಪರ್ಮಿಟ್ ಮಂಜೂರಾದ ಮೇಲೆ ಬರುವ ಎಂಟ್ರಿ ಪರ್ಮಿಟ್‌ಗೆ 60 ದಿನ ಅವಧಿ. ಅಷ್ಟರೊಳಗೆ ಹೊರಡಬೇಕು. ಅಲ್ಲಿ ಹೋದ ಮೇಲೆ ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಎಮಿರೇಟ್ಸ್ ಐಡಿ. ಈಗ ಪಾಸ್‌ಪೋರ್ಟ್‌ಗೆ ವೀಸಾ ಸ್ಟಿಕ್ಕರ್ ಅಂಟಿಸುವುದಿಲ್ಲ, ಐಡಿ ಕಾರ್ಡೇ ಸಾಕು. ಎದೆಯ ಎಕ್ಸ್‌ರೇ ಊರಿನಲ್ಲೇ ಒಮ್ಮೆ ತೆಗೆಸಿಕೊಂಡು ಹೋಗಿ. ಕ್ಷಯ ಕಂಡುಬಂದು ಅಲ್ಲಿಂದ ವಾಪಸಾದರೆ ಮಾಡಿದ ಸಾಲ ತೀರುವುದಿಲ್ಲ. ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವುದು ಅಲ್ಲಿ ಕಾನೂನುಬಾಹಿರ, ರೂಢಿ ಬೇರೆ. ಕೊಡಲೇಬೇಕಾಗಿ ಬಂದರೆ ಬರವಣಿಗೆಯಲ್ಲಿ ಸ್ವೀಕೃತಿ ಕೇಳಿ, ಎಲ್ಲ ಕಾಗದದ ಫೋಟೋ ಮನೆಯವರ ಫೋನಿನಲ್ಲೂ ಇರಲಿ.

ಕೆಲಸ ಸರಿಬರದಿದ್ದರೆ? ಪ್ರೊಬೇಷನ್, ಅಂದರೆ ಆರಂಭದ ಪರೀಕ್ಷಾ ಅವಧಿ, ಆರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಆ ಅವಧಿಯಲ್ಲಿ ಊರಿಗೆ ಮರಳುವುದಾದರೆ 14 ದಿನ ಮೊದಲು ಬರವಣಿಗೆಯಲ್ಲಿ ತಿಳಿಸಬೇಕು. ಅಲ್ಲೇ ಬೇರೆ ಕಂಪನಿ ಸೇರುವುದಾದರೆ ಒಂದು ತಿಂಗಳ ನೋಟಿಸ್. ಹಳೆಯ ಕಂಪನಿಯ ನೇಮಕಾತಿ ಖರ್ಚು ತುಂಬಿಕೊಡುವವರು ಹೊಸ ಕಂಪನಿಯವರು, ನೀವಲ್ಲ. ಹೇಳದೆ ಕೇಳದೆ ದೇಶ ಬಿಟ್ಟು ಬಂದರೆ ಒಂದು ವರ್ಷ ಹೊಸ ಪರ್ಮಿಟ್ ಸಿಗುವುದಿಲ್ಲ. "ಮೂರು ಸಾವಿರ ದಿರ್ಹಂ ಕಟ್ಟಿ ಹೋಗು" ಎಂದು ಕಂಪನಿಯವರು ಹೆದರಿಸಿದರೆ ಕಟ್ಟುವ ಮೊದಲು ಮೊಹ್ರೆಗೆ ಅಥವಾ ದುಬೈಯಲ್ಲಿರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342 ಸಂಖ್ಯೆಗೆ ಫೋನ್ ಮಾಡಿ.