ಎರಡು ದಿನದ ಪಥ್ಯ, ಮೂರು ತಿಂಗಳ ಲೆಕ್ಕ

ನಮ್ಮ ವಿಶ್ವವಿದ್ಯಾಲಯದಲ್ಲಿ ಜನಸಾಮಾನ್ಯರಿಗೆಂದು ನಾನು ನಡೆಸುವ ಸಂಜೆ ತರಗತಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಎದ್ದು ನಿಂತರು. ‘ರಕ್ತಪರೀಕ್ಷೆಗೆ ಎರಡು ದಿನ ಮುಂಚೆ ಅನ್ನ, ಸಿಹಿ ಎರಡನ್ನೂ ಬಿಟ್ಟಿರುತ್ತೇನೆ. ಆದರೂ ಸಕ್ಕರೆ ಕಾಯಿಲೆಗೆ ಮಾಡುವ ಈ ಎಚ್‌ಬಿಎ1ಸಿ ಪರೀಕ್ಷೆ ನನ್ನ ಗುಟ್ಟು ರಟ್ಟು ಮಾಡುತ್ತದಲ್ಲ, ಹೇಗೆ?’

ಅಂದಿನ ಪಾಠವನ್ನು ಬದಿಗಿಟ್ಟು ಹಲಗೆಯ ಮೇಲೆ ಒಂದು ಕೆಂಪು ರಕ್ತಕಣ ಬರೆದೆ. ಅದರ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದು ಪಾಕದಲ್ಲಿ ಬಿದ್ದ ಜಾಮೂನು. ಪಾಕ ಗಟ್ಟಿಯಿದ್ದಷ್ಟೂ ಒಳಗಿನ ಹಿಮೋಗ್ಲೋಬಿನ್‌ಗೆ ಹೆಚ್ಚು ಗ್ಲೂಕೋಸ್ ಅಂಟಿಕೊಳ್ಳುತ್ತದೆ; ಒಮ್ಮೆ ಭದ್ರವಾಗಿ ಅಂಟಿದ್ದು ಕಣ ಸಾಯುವ ತನಕ ಬಿಡುವುದಿಲ್ಲ. ಹೀಗೆ ಅಂಟಿಸಿಕೊಂಡ ಹಿಮೋಗ್ಲೋಬಿನ್ ನೂರಕ್ಕೆ ಎಷ್ಟು ಎಂಬುದೇ ವರದಿಯಲ್ಲಿ ಬರುವ ಸಂಖ್ಯೆ. 6.5 ಅಥವಾ ಮೇಲಿದ್ದರೆ ಮಧುಮೇಹ. ಸುಮಾರು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಅದು ಎರಡು ದಿನದ ಪಥ್ಯಕ್ಕೆ ಸೊಪ್ಪು ಹಾಕುವುದಿಲ್ಲ.

ಹಿಂದಿನ ಸಾಲಿನಿಂದ ಗೃಹಿಣಿಯೊಬ್ಬರು ಕೇಳಿದರು: ‘ಹಾಗಾದರೆ ರಕ್ತಹೀನತೆ ಇದ್ದವರಿಗೆ ಈ ಲೆಕ್ಕ ತಪ್ಪುವುದಿಲ್ಲವೇ?’ ತಪ್ಪುತ್ತದೆ. ಕಬ್ಬಿಣದ ಕೊರತೆಯಿದ್ದರೆ ಅಂಕಿ ಇರುವುದಕ್ಕಿಂತ ಮೇಲೇರಬಹುದು; ರಕ್ತಕಣಗಳು ಬೇಗ ಒಡೆಯುವ ಕಾಯಿಲೆಯಿದ್ದರೆ ಕೆಳಗಿಳಿಯುತ್ತದೆ. ಎಂಬಿಬಿಎಸ್ ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಿದ್ದು ನನಗಂತೂ ನೆನಪಿಲ್ಲ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ರೋಗನಿರೋಧಶಾಸ್ತ್ರದ ಪ್ರಾಧ್ಯಾಪಕ ಜೆ. ಜಾನ್ ಕೋಹೆನ್ 1989ರಲ್ಲಿ ‘ಮಿನಿ ಮೆಡ್ ಸ್ಕೂಲ್’ ಎಂದು ಇಂಥದ್ದೇ ಪಾಠ ಆರಂಭಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಗಳಲ್ಲಿ ಕನ್ನಡದಲ್ಲೇ ಪ್ರಚಾರೋಪನ್ಯಾಸ ಮಾಡಿ, ಅವನ್ನು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿದ್ದು ಅದಕ್ಕೂ ದಶಕಗಳ ಹಿಂದಿನ ಮಾತು. ನಮ್ಮಲ್ಲಿ ಇದು ಹೊಸತೆಂದು ಬೀಗುವವರನ್ನು ಕಂಡರೆ ನನಗೆ ನಗು ಬರುತ್ತದೆ.

ನಾನು ಮೊದಲು ಬರೆದ ಪಠ್ಯಕ್ರಮವೂ ನಗು ಬರುವಂಥದ್ದೇ. ವಾರಕ್ಕೊಂದು ಕಾಯಿಲೆ, ಕೊನೆಯಲ್ಲಿ ‘ಉಪ್ಪು ಕಡಿಮೆ ಮಾಡಿ, ನಡೆಯಿರಿ’. ಈ ಉಪದೇಶಕ್ಕೆ ವಿಶ್ವವಿದ್ಯಾಲಯ ಯಾಕೆ ಬೇಕು? ಆಸ್ಪತ್ರೆಯ ಗೋಡೆಯೇ ಸಾಕು. ಈಗ ರೋಗಗಳ ಪಟ್ಟಿ ಕೈಬಿಟ್ಟು, ಜನರ ಕೈಗೆ ಬರುವ ವರದಿಗಳಿಂದಲೇ ಪಾಠ ಶುರುಮಾಡುತ್ತೇನೆ. ಹೆಸರು ಅಳಿಸಿದ ವರದಿಗಳು ಮಾತ್ರ. ತಮ್ಮ ಎಕ್ಸ್‌ರೇ ಹಿಡಿದು ಬಂದವರಿಗೆ ‘ಇದು ಕ್ಲಿನಿಕ್ ಅಲ್ಲ’ ಎಂದು ಪ್ರತಿ ವಾರ ಹೇಳಬೇಕಾಗುತ್ತದೆ.

ತಿಂಗಳ ಬಳಿಕ ಆ ಬ್ಯಾಂಕ್ ನೌಕರರು ಖುಷಿಯಿಂದ ಬಂದರು. ‘ಎರಡು ದಿನ ಲೆಕ್ಕಕ್ಕೇ ಇಲ್ಲ ಎಂದಿರಲ್ಲ ಸಾರ್, ಮೊಮ್ಮಗನ ನಾಮಕರಣದಲ್ಲಿ ಎರಡು ದಿನವೂ ಹೋಳಿಗೆ ಹೊಡೆದೆ.’ ಆ ಪಾಠಕ್ಕೆ ಇನ್ನೊಂದು ತರಗತಿ ಸೇರಿಸಿದ್ದೇನೆ.